ಅಣ್ಣನ ಜಳಕ

3 ಆಗಸ್ಟ್, ರವಿವಾರ

ಅವ್ವ ಹೋಗಿ ಎರಡು ತಿಂಗಳಾಯಿತು. ಅತ್ತಿಲ್ಲ. ಅಳು ಬರಬಹುದೆಂದು ಕಾದೆ, ಬರಲಿಲ್ಲ. ಈಗ ಕಾಯುವುದನ್ನೂ ಬಿಟ್ಟಿದ್ದೇನೆ.

ಇದನ್ನು ಯಾರಿಗೂ ತೋರಿಸಲು ಬರೆಯುತ್ತಿಲ್ಲ. ಕರೆಂಟ್ ಮಗ್ಗದ ಶೆಡ್ಡಿನ ಗದ್ದಲದಲ್ಲಿ ದಿನವಿಡೀ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಮನೆಗೆ ಬಂದರೂ ಮಾತಾಡುವವರಿಲ್ಲ. ಸಮಾಧಾನ ಇದ್ದಾನೆ, ನನ್ನ ಅಣ್ಣ, ಇಪ್ಪತ್ತಾರು ವರ್ಷದವನು. ಹುಟ್ಟಿದಾಗಿನಿಂದ ಕೈಕಾಲು ಬಿಗಿ. ಎಡಗೈ ಮಾತ್ರ ಅಷ್ಟಿಷ್ಟು ಆಡುತ್ತದೆ. ಬಾಯಿಂದ ಸದ್ದು ಬರುತ್ತದೆ, ಮಾತು ಬರುವುದಿಲ್ಲ. ಆ ಸದ್ದು ಅವ್ವನಿಗೆ ಮಾತ್ರ ತಿಳಿಯುತ್ತಿತ್ತು. ಅವನನ್ನು ಯಾರು ಏನು ಕೇಳಿದರೂ ಅವಳೇ ಉತ್ತರ ಕೊಡುತ್ತಿದ್ದಳು. ಈಗ ಅವನ ಊಟ, ಜಳಕ, ಕಕ್ಕಸು ಎಲ್ಲ ನನ್ನ ಕೈಯಲ್ಲಿ.

ನಾನು ಹತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು. ಯಾರೂ ಬಿಡಿಸಲಿಲ್ಲ. ಕೂತಿರಲು ಆಗಲಿಲ್ಲ, ಎದ್ದು ಬಂದೆ. ಆಮೇಲೆ ನಿಪ್ಪಾಣಿಯಲ್ಲಿ ಬಟ್ಟೆ ಅಂಗಡಿ, ಚಿಕ್ಕೋಡಿಯಲ್ಲಿ ಝೆರಾಕ್ಸ್ ಅಂಗಡಿ. ಎಲ್ಲಿಯೂ ವರ್ಷ ತುಂಬಲಿಲ್ಲ. ಈ ಜನವರಿಯಿಂದ ಇಲ್ಲೇ ಬೋರಗಾಂವದಲ್ಲಿ ಪಾರಿಸಣ್ಣನ ಶೆಡ್ಡಿನಲ್ಲಿ ಮಗ್ಗ ನಡೆಸುತ್ತೇನೆ. ಅವ್ವ ತನ್ನ ಆಯುಷ್ಯವೆಲ್ಲ ನಿಂತದ್ದು ಅದೇ ಶೆಡ್ಡಿನಲ್ಲಿ. ಇದನ್ನೂ ಬಿಡಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಹೋದಳು.

6 ಆಗಸ್ಟ್, ಬುಧವಾರ

ಎಬ್ಬಿಸಿದೆ. ಜಳಕ ಮಾಡಿಸಿದೆ. ಉಣಿಸಿದೆ. ಮಗ್ಗಕ್ಕೆ ಹೋದೆ. ಬಂದೆ. ಉಣಿಸಿದೆ. ಮಲಗಿಸಿದೆ.

ಜಳಕ ಮಾಡಿಸುವಾಗ ಅವನ ಎಡಗೈ ಮೇಲೆದ್ದು ಅಡ್ಡ ಬರುತ್ತದೆ. ಅಂಗೈ ಬಿಚ್ಚಿಕೊಳ್ಳುತ್ತದೆ, ಮುಷ್ಟಿಯಾಗುತ್ತದೆ. ನರದ ಬಿಗಿ. ಅದನ್ನು ನನ್ನ ಮೊಣಕಾಲುಗಳ ನಡುವೆ ಹಿಡಿದುಕೊಂಡರೆ ಕೆಲಸ ಬೇಗ ಮುಗಿಯುತ್ತದೆ. ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ. ನಾನು ಗೋಡೆ ನೋಡುತ್ತೇನೆ.

10 ಆಗಸ್ಟ್, ರವಿವಾರ

ನಿಪ್ಪಾಣಿಯಿಂದ ರಾಜಾರಾಮ ಮಾಮಾ ಬಂದಿದ್ದ. ಅವ್ವನ ತಮ್ಮ. ಅಲ್ಲಿ ಬ್ಯಾಂಕಿನಲ್ಲಿ ಸಿಪಾಯಿ. ರವಿವಾರವೂ ಇಸ್ತ್ರಿ ಮಾಡಿದ ಅಂಗಿ ಹಾಕುತ್ತಾನೆ. ಹುಡುಗನಾಗಿದ್ದಾಗ ಅವನೂ ಪಾರಿಸಣ್ಣನ ಶೆಡ್ಡಿನಲ್ಲಿ ಮಗ್ಗ ನಡೆಸಿದವನಂತೆ. ಆ ಮಾತು ಬಂದರೆ ಬೇರೆ ಮಾತು ಎತ್ತುತ್ತಾನೆ.

ಹೆಂಗ ನಡದೈತಿ ಎಂದು ಕೇಳಿದ. ಎಲ್ಲರೂ ಕೇಳುವ ಹಾಗೆ ಕೇಳಿದ. ಎಲ್ಲರಿಗೂ ಹೇಳುವ ಹಾಗೆ ನಡದೈತಿ ಎಂದಿದ್ದರೆ ಚಹಾ ಕುಡಿದು ಹೋಗುತ್ತಿದ್ದ. ನನಗೆ ಹಾಗೆ ಹೇಳಲು ಆಗಲಿಲ್ಲ.

"ನನ್ನ ಕೈಲೆ ಆಗೂದಿಲ್ಲ, ಮಾಮಾ."

"ಆಗೂದಿಲ್ಲ ಅಂದ್ರ?"

"ಆಗೂದಿಲ್ಲ ಅಂದ್ರ ಆಗೂದಿಲ್ಲ. ಅವ ಎಲ್ಲ್ಯರ ಹೋದ್ರ ನಾ ಉಳೀತೇನಿ."

ಸಮಾಧಾನ ಅಲ್ಲೇ ಮಂಚದ ಮೇಲಿದ್ದ. ಅವನ ಕಿವಿ ನೆಟ್ಟಗಿದೆ. ಕೇಳಿಸಿಕೊಂಡ. ಅದನ್ನೂ ಬರೆದಿಡುತ್ತೇನೆ.

ರಾಯಬಾಗದ ಆಚೆ ಇಂಥವರನ್ನು ಇಟ್ಟುಕೊಳ್ಳುವ ಆಶ್ರಮ ಒಂದಿದೆ, ದಸರಾ ಆದ ಮೇಲೆ ಅಲ್ಲಿ ಒಂದು ಜಾಗ ಖಾಲಿಯಾಗುತ್ತದೆ, ಮಾತಾಡುತ್ತೇನೆ ಎಂದು ಮಾಮಾ ಹೇಳಿದ. ಹೋಗುವಾಗ ನನ್ನ ತಲೆ ಸವರಿದ. ನನಗೆ ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ.

17 ಆಗಸ್ಟ್, ರವಿವಾರ

ಅಂಕಲಿಯ ದುಂಡೇಶಣ್ಣ ಎಂಬವನು ಬಂದಿದ್ದ. ಪೋಲಿಯೊದಿಂದ ಒಂದು ಕಾಲು ಸಣ್ಣಗಾದವನು. ಹಿಂದೆ ಎರಡು ಗಾಲಿ ಹೆಚ್ಚಿಗೆ ಜೋಡಿಸಿದ ಸ್ಕೂಟರಿನ ಮೇಲೆ ಅಥಣಿ, ಕಾಗವಾಡದವರೆಗೂ ತಿರುಗುತ್ತಾನಂತೆ. ಅಂಗವಿಕಲರೂ ಅವರ ಮನೆಯವರೂ ಸೇರಿ ಮಾಡಿಕೊಂಡ ಒಂದು ಗುಂಪಿದೆ, ಅದರವನು. ಯಾರ ಆರೈಕೆ ಹೇಗೆ ನಡೆಯಬೇಕು, ಅದನ್ನು ಯಾರು ಮಾಡಬೇಕು ಎಂಬುದನ್ನು ಆ ಮನುಷ್ಯನೇ ಗೊತ್ತು ಮಾಡುವ ಹಾಗೆ ನೋಡಿಕೊಳ್ಳುವುದು ಅವರ ಕೆಲಸವಂತೆ. ಮಾಮಾ ಆಶ್ರಮದ ಬಗ್ಗೆ ವಿಚಾರಿಸುವಾಗ ಯಾರಿಂದಲೋ ನಮ್ಮ ಸುದ್ದಿ ಅವನಿಗೆ ಮುಟ್ಟಿದೆ.

ನನ್ನನ್ನು ನೋಡದೆ ನೇರ ಮಂಚದ ಹತ್ತಿರ ಹೋಗಿ ಕೂತ. ತಮ್ಮಾ, ದಿನಾ ಹೆಂಗ ಹೊಂಟೈತಿ ಎಂದು ಕೇಳಿದ. ಅವನಿಗೆ ಮಾತು ಬರುವುದಿಲ್ಲ ಎಂದು ನಾನು ಹೇಳಿದೆ.

"ನಿನ್ನ ಕೇಳಿಲ್ಲವಾ, ಅವನ್ನ ಕೇಳೇನಿ."

ಕೇಳಿ ಸುಮ್ಮನೆ ಕೂತ. ಅಷ್ಟು ಹೊತ್ತು ಯಾರೂ ಆ ಮಂಚದ ಹತ್ತಿರ ಸುಮ್ಮನೆ ಕೂತದ್ದನ್ನು ನಾನು ಕಂಡಿಲ್ಲ. ಸಮಾಧಾನನ ಎಡಗೈ ಎದ್ದಿತು, ಬಿಚ್ಚಿತು, ಮುಚ್ಚಿತು. ಅದು ನರದ ಬಿಗಿ ಎಂದೆ. ಡಾಕ್ಟರು ಹೇಳಿದರೇನು ಎಂದ. ಇಲ್ಲ, ನಾನೇ ಹೇಳುತ್ತಿದ್ದೇನೆ ಎಂದೆ. ಅವನು ನಕ್ಕುಬಿಟ್ಟ. ಸುಳ್ಳು ಹೇಳಲು ಬಾರದವರ ಮನೆಯಲ್ಲಿ ಕೆಲಸ ಸಸಾರ ಎಂದ.

ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದ. "ಕಳಸೂದಾದ್ರ ಕಳಸ್ರಿ, ನಾ ಬ್ಯಾಡನ್ನೂದಿಲ್ಲ. ಆದ್ರ ಅವನ್ನ ಕೇಳಿ ಕಳಸ್ರಿ."

ಕೇಳುವುದು ಹೇಗೆಂದು ಅವನೂ ಹೇಳಲಿಲ್ಲ.

24 ಆಗಸ್ಟ್, ರವಿವಾರ

ಮಾಮಾ ನನ್ನನ್ನು ಕರೆದೊಯ್ದು ಆಶ್ರಮ ತೋರಿಸಿಕೊಂಡು ಬಂದ. ಕೆಟ್ಟ ಜಾಗವಲ್ಲ. ನೆಲ ಒರೆಸಿದ್ದರು. ಅಡುಗೆಮನೆಯಿಂದ ಬೇಳೆಯ ವಾಸನೆ ಬರುತ್ತಿತ್ತು. ಎಲ್ಲರ ತಲೆಗೂದಲು ಒಂದೇ ಅಳತೆಗೆ ಕತ್ತರಿಸಿದ್ದರು. ಮಧ್ಯಾಹ್ನ ಹಿಂದಿನ ಪಡಸಾಲೆಯಲ್ಲಿ ಸಾಲಾಗಿ ಕೂರಿಸಿ ಪೈಪು ಹಿಡಿದು ಜಳಕ ಮಾಡಿಸುತ್ತಿದ್ದರು. ಮಾಡಿಸುವವನು ಹುಷಾರಿಯವನು, ಯಾರಿಗೂ ಪೆಟ್ಟಾಗದ ಹಾಗೆ ಹಿಡಿಯುತ್ತಿದ್ದ. ಕೂತವರೆಲ್ಲ ಕಣ್ಣು ಮುಚ್ಚಿಕೊಂಡಿದ್ದರು.

ನಾನೂ ಹೀಗೇ ಮಾಡುತ್ತೇನೆ ಎನಿಸಿತು. ಪೈಪು ಒಂದಿಲ್ಲ.

2 ಸೆಪ್ಟೆಂಬರ್, ಮಂಗಳವಾರ

ಬರೆಯಲು ಏನೂ ಇಲ್ಲ. ಮಗ್ಗ ನಿಂತ ಮೇಲೂ ಕಿವಿಯಲ್ಲಿ ನಡೆಯುತ್ತಲೇ ಇರುತ್ತದೆ.

9 ಸೆಪ್ಟೆಂಬರ್, ಮಂಗಳವಾರ

ಇವತ್ತು ಶೆಡ್ಡಿನಲ್ಲಿ ನನ್ನ ಓಢಣಿಯ ತುದಿ ಮಗ್ಗ ತಿರುಗಿಸುವ ಪಟ್ಟೆಯ ಹತ್ತಿರ ಹಾರುತ್ತಿತ್ತು. ನನಗೆ ಗೊತ್ತಿರಲಿಲ್ಲ. ಆ ಸಾಲಿನ ಕೊನೆಯಲ್ಲಿ ಮಗ್ಗ ನಡೆಸುವ ಕಾಂಚನಕ್ಕ ನೋಡಿದಳು. ಕೂಗಿದರೆ ಕೇಳುವುದಿಲ್ಲ. ಕೈ ಎತ್ತಿ ಅಂಗೈ ಬಿಚ್ಚಿ ಮುಷ್ಟಿ ಮಾಡಿದಳು. ನಿಲ್ಲಿಸು ಎಂದು. ನಾನು ಯೋಚಿಸಲೂ ಇಲ್ಲ, ಕೈ ತಾನಾಗಿ ಹೋಗಿ ಮಗ್ಗ ನಿಲ್ಲಿಸಿತು.

ಶೆಡ್ಡಿನಲ್ಲಿ ಎಲ್ಲದಕ್ಕೂ ಕೈ ಇದೆ. ನಿಲ್ಲಿಸು ಎನ್ನಲು ಮುಷ್ಟಿ. ನೂಲು ಹರಿದರೆ ಕಿರುಬೆರಳು ಅಲ್ಲಾಡಿಸುವುದು. ಚಹಾ ಬಂತು ಎನ್ನಲು ಹೆಬ್ಬೆರಳು ಬಾಯಿಗೆ. ಮಗ್ಗ ಕೆಟ್ಟು, ರಿಪೇರಿ ಮಾಡುವ ಜಾಬರನನ್ನು ಕರೆಯಬೇಕಾದರೆ ನಟ್ಟು ತಿರುಗಿಸಿದ ಹಾಗೆ ಮಣಿಕಟ್ಟು ತಿರುಗಿಸುವುದು. ತಿಳಿಯಿತು, ಆಗಲಿ ಎನ್ನಲು ಎರಡು ಬೆರಳು ಹಣೆಗೆ. ಮಗ್ಗ ನಿಂತ ಕೂಡಲೇ ಎಲ್ಲರೂ ಬಾಯಿಂದ ಮಾತಾಡುತ್ತಾರೆ. ಈ ಕೈಗಳನ್ನು ಯಾರೂ ಹೊಸ್ತಿಲು ದಾಟಿಸಿ ಹೊರಗೆ ತರುವುದಿಲ್ಲ. ತಂದರೆ ನಗುತ್ತಾರೆ.

ನಿಂತ ಮಗ್ಗದ ಮುಂದೆ ನಾನು ಕಾಂಚನಕ್ಕನ ಕೈ ನೋಡುತ್ತ ನಿಂತೆ. ಏನಾಯಿತು ಎಂದು ಅವಳು ಹತ್ತಿರ ಬಂದಳು. ನಮ್ಮ ಸಮಾಧಾನ ಸಣ್ಣವನಿದ್ದಾಗ ಶೆಡ್ಡಿಗೆ ಬರುತ್ತಿದ್ದನೇ ಎಂದು ಕಿವಿಯಲ್ಲಿ ಕೂಗಿ ಕೇಳಿದೆ. ದಿನಾ ಬರುತ್ತಿದ್ದನಂತೆ. ಅವ್ವ ಅವನನ್ನು ಬಾಗಿಲ ಹತ್ತಿರ ಗೋಣಿಚೀಲದ ಮೇಲೆ ಕೂರಿಸುತ್ತಿದ್ದಳಂತೆ. ಎತ್ತಲಾರದಷ್ಟು ದೊಡ್ಡವನಾಗುವ ತನಕ.

ನಾನು ಆಗ ಶಾಲೆಯಲ್ಲಿದ್ದೆ.

10 ಸೆಪ್ಟೆಂಬರ್, ಬುಧವಾರ

ಬೆಳಿಗ್ಗೆ ನೀರು ಹಾಕುವಾಗ ಅವನ ಕೈ ಹಿಡಿಯಲಿಲ್ಲ. ಮೊದಲ ಚೊಂಬಿಗೇ ಕೈ ಎದ್ದು ಮುಷ್ಟಿಯಾಯಿತು. ನಿಲ್ಲಿಸಿದೆ. ನೀರು ಮುಟ್ಟಿ ನೋಡಿದೆ. ನನ್ನ ಕೈ ಬಿಸಿ ನೀರಿಗೆ ರೂಢಿಯಾದದ್ದು, ಅವನ ಬೆನ್ನು ಹಾಗಲ್ಲ. ತಣ್ಣೀರು ಬೆರೆಸಿದೆ. ಅವನು ಕಣ್ಣು ಬಿಟ್ಟು ನನ್ನನ್ನು ನೋಡಿದ.

ಆಮೇಲೆ ಹೆಬ್ಬೆರಳು ಬಾಯಿಗೆ ಹಿಡಿದು ತೋರಿಸಿದೆ. ಚಹಾ?

ಎರಡು ಬೆರಳು ಹಣೆಯತ್ತ ಹೋದವು. ಮುಟ್ಟಲಿಲ್ಲ, ಅಷ್ಟು ದೂರ ಕೈ ಏರುವುದಿಲ್ಲ. ಆದರೂ ಹೋದವು.

ಅಷ್ಟೇ. ನಾನು ಚಹಾ ಮಾಡಿದೆ. ಸಕ್ಕರೆ ಎರಡು ಸಲ ಹಾಕಿಬಿಟ್ಟೆ. ಕೆಲಸಕ್ಕೆ ತಡವಾಯಿತು.

13 ಸೆಪ್ಟೆಂಬರ್, ಶನಿವಾರ

ಒಂದೊಂದಾಗಿ ಕೇಳುತ್ತ ಹೋದರೆ ಎಷ್ಟು ಮಾತಿದೆ ಅವನಲ್ಲಿ. ಕಿಟಕಿ ಮುಚ್ಚು, ತೆರೆ. ಬದನೆಕಾಯಿ ಬೇಡ. ಪಕ್ಕದ ಮನೆಯ ಅಜ್ಜಿ ಹಗಲಿಗೆ ಇಣುಕಲು ಬಂದವಳು ಟಿವಿ ಹಚ್ಚಿ ತನಗೆ ಬೇಕಾದದ್ದನ್ನೇ ನೋಡುತ್ತಾಳೆ, ಅದೂ ಬೇಡ. ಬೇಡ ಎನ್ನಲೂ ಅದೇ ಮುಷ್ಟಿ, ಅದೇ ಹೆಚ್ಚು. ನನಗೆ ಸಿಟ್ಟು ಬಂತು. ಇಷ್ಟು ದಿನ ಬಾಯಿ ಮುಚ್ಚಿಕೊಂಡು ತಿಂದೆಯಲ್ಲ ಎಂದೆ. ಅವನು ಎರಡು ಬೆರಳು ಹಣೆಯತ್ತ ಒಯ್ದ.

ಮಧ್ಯಾಹ್ನ ಶೆಡ್ಡಿಗೆ ಬರುತ್ತೀಯಾ ಎಂದು ಕೇಳಿದೆ. ಎರಡು ಬೆರಳು ಎತ್ತಿದ. ನಮ್ಮ ಶೆಡ್ಡಿನ ಜಾಬರ್ ರೂಪೇಶ ಪಕ್ಕದ ಓಣಿಯವನೇ. ಅವನು ಬಂದು ಅಣ್ಣನನ್ನು ಎತ್ತಿ ಸೈಕಲ್ ಗಾಡಿಯಲ್ಲಿ ಕೂರಿಸಿದ. ಗೋಣಿಚೀಲದ ಬದಲು ಪಾರಿಸಣ್ಣ ತನ್ನ ಕೈ ಇರುವ ಕುರ್ಚಿಯನ್ನೇ ಬಾಗಿಲಿಗೆ ಹಾಕಿಸಿದ. ಕುರ್ಚಿಯಲ್ಲಿ ಕೂತ ಸ್ವಲ್ಪ ಹೊತ್ತಿಗೆ ಅಣ್ಣ ಮೂರನೆಯ ಮಗ್ಗದತ್ತ ಕಿರುಬೆರಳು ಅಲ್ಲಾಡಿಸಿದ. ಅಲ್ಲಿ ನೂಲು ಹರಿದಿತ್ತು. ಮಗ್ಗದವನು ನೋಡಿ ನಿಲ್ಲಿಸಿ, ಹಣೆಗೆ ಬೆರಳು ಹಚ್ಚಿದ. ಯಾರಿಗೂ ಅದು ವಿಶೇಷ ಅನಿಸಲಿಲ್ಲ. ನನಗೆ ಅದೇ ಆಶ್ಚರ್ಯ.

ರೂಪೇಶ ಅವನ ಕಿವಿಯಲ್ಲಿ ಏನೋ ಹೇಳಿದ. ಅಣ್ಣ ಜೋರಾಗಿ ನಕ್ಕಿರಬೇಕು, ಬಾಯಿ ಅಷ್ಟು ಅಗಲ ತೆರೆದಿತ್ತು. ಏನು ಹೇಳಿದೆ ಎಂದು ಕೇಳಿದರೆ, ಹೆಣ್ಣುಮಕ್ಕಳಿಗೆ ಹೇಳುವಂಥದ್ದಲ್ಲ ಎಂದ.

21 ಸೆಪ್ಟೆಂಬರ್, ರವಿವಾರ

ಇವತ್ತು ನೀರು ಹದವಾಗಿತ್ತು. ಮೊದಲು ಅವನ ಕೈ ಅದ್ದಿಸಿ ಕೇಳಿದೆ, ಆಗಲಿ ಎಂದ. ಅಂಗಿ ಬಿಚ್ಚಲು ಹೋದೆ. ಮುಷ್ಟಿ. ತಂಪಾಯಿತೇನು ಎಂದೆ. ಮುಷ್ಟಿ. ಸಾಬೂನು ಬೇರೆ ಬೇಕೇನು? ಮುಷ್ಟಿ. ಜಳಕವಾದರೂ ಬೇಕೇನು? ಎರಡು ಬೆರಳು. ಜಳಕ ಬೇಕು. ಹಾಗಾದರೆ ಏನು ಬೇಡ ಎಂದು ಕೇಳಿ, ಕೇಳುತ್ತಿರುವಾಗಲೇ ಗೊತ್ತಾಯಿತು.

"ನಾ ಬ್ಯಾಡೇನು?"

ಅವನು ಮುಖ ಗೋಡೆಗೆ ತಿರುಗಿಸಿ ಎರಡು ಬೆರಳು ಎತ್ತಿದ.

ಇಪ್ಪತ್ತಾರು ವರ್ಷದ ಗಂಡಸು. ತಂಗಿಯ ಕೈಯಲ್ಲಿ. ಗೋಡೆ ನೋಡುವವಳು ನಾನೊಬ್ಬಳೇ ಅಂದುಕೊಂಡಿದ್ದೆ.

ಆದರೂ ಮಾಡಿಸಿದೆ. ಬೇರೆ ಯಾರು ಮಾಡಬೇಕು? ಅವನು ಕಣ್ಣು ಮುಚ್ಚಿಕೊಂಡ. ಬೇಡವಾದವಳು ಎನ್ನುವುದು ಎದೆಯಲ್ಲಿ ಚುಚ್ಚಿತು, ನನಗೂ ಏನಾದರೂ ಚುಚ್ಚಬಹುದು ಎನ್ನುವುದು ಹೊಸದು. ಹಾಗಾದರೆ ಯಾರು ಬೇಕು ಎಂದು ಕೇಳಲಿಲ್ಲ. ಕೇಳುವ ಮನಸ್ಸಾಗಲಿಲ್ಲ.

ದುಂಡೇಶಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮುಂದಿನ ರವಿವಾರ ಮಾಮಾ ಬರುವಾಗ ತಾನೂ ಬರುತ್ತೇನೆ ಎಂದ. "ಅಲ್ಲಿತನಕ ಯಾವದನ್ನೂ ನೀನ ಮುಗಸಬ್ಯಾಡ, ತಂಗಿ" ಎಂದ.

28 ಸೆಪ್ಟೆಂಬರ್, ರವಿವಾರ

ಮಾಮಾ ಬರುವಾಗ ಒಂದು ಹೊಸ ಟವೆಲ್ಲು, ಎರಡು ಅಂಗಿ ತಂದಿದ್ದ. ಆಶ್ರಮಕ್ಕೆ ಒಯ್ಯಲು. ದಸರಾ ಗುರುವಾರ, ಶನಿವಾರ ಗಾಡಿ ಹೇಳಿದ್ದೇನೆ ಎಂದ. ಮಂಚದ ತುದಿಗೆ ಅವುಗಳನ್ನು ಇಟ್ಟಾಗ ಅಣ್ಣ ಅವುಗಳನ್ನೇ ನೋಡುತ್ತಿದ್ದ.

ದುಂಡೇಶಣ್ಣ ಆಗಲೇ ಬಂದು ಕೂತಿದ್ದ. ಗಾಡಿ ಹೇಳುವ ಮೊದಲು ಹೋಗುವವನನ್ನು ಕೇಳಿದಿರೇನು ಎಂದ. ಮಾಮಾ ಅವನಿಗೆ ಏನು ತಿಳಿಯುತ್ತದೆ ಎಂದ. ಎಲ್ಲ ತಿಳಿಯುತ್ತದೆ, ಮಗ್ಗದ ಕೈಯಲ್ಲಿ ಹೇಳುತ್ತಾನೆ ಎಂದು ನಾನು ಹೇಳಿದೆ. ಮಾಮಾನಿಗೆ ಆ ಮಾತು ಸೇರಲಿಲ್ಲ. ಕೈ ಅಲುಗಿದ್ದಕ್ಕೆಲ್ಲ ಅರ್ಥ ಹಚ್ಚುತ್ತ ಕೂತರೆ ಹೇಗೆ, ಇವಳು ತನಗೆ ಬೇಕಾದ್ದನ್ನು ಅವನ ಹೆಸರಿನಲ್ಲಿ ಹೇಳಿದರೆ ನಮಗೆ ಗೊತ್ತಾಗುವುದು ಹೇಗೆ ಎಂದ. ಕೇಳಿದ್ದು ತಪ್ಪಲ್ಲ. ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಅವ್ವ ಅಷ್ಟು ವರ್ಷ ತನ್ನ ಮಾತನ್ನೇ ಅವನ ಹೆಸರಿನಲ್ಲಿ ಹೇಳಿದ್ದೂ ಇರಬಹುದು.

ದುಂಡೇಶಣ್ಣ ನನ್ನ ಕಡೆ ನೋಡಿದ. ನಾನು ಮಂಚದ ಹತ್ತಿರ ಹೋದೆ.

ಆಶ್ರಮಕ್ಕೆ ಹೋಗುತ್ತೀಯಾ ಎಂದೆ. ಮುಷ್ಟಿ. ಇಲ್ಲೇ ಇರುತ್ತೀಯಾ? ಎರಡು ಬೆರಳು. ಆಮೇಲೆ ಮೂರನೆಯದನ್ನು ಕೇಳಬೇಕಾಗಿತ್ತು. ಕೇಳದಿದ್ದರೆ ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾಳೆಯೂ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ.

"ಜಳಕಾ ನಾ ಮಾಡಸ್ಲಿ?"

ಮುಷ್ಟಿ.

"ನಾ ಬ್ಯಾಡಂತ, ಮಾಮಾ," ಎಂದೆ.

ಮಾಮಾ ದುಂಡೇಶಣ್ಣನ ಕಡೆ ತಿರುಗಿ, ನೋಡಿದಿರಾ, ಇಷ್ಟೆಲ್ಲ ಮಾಡಿದವಳೂ ಬೇಡವಂತೆ ಎಂದ. ಆಮೇಲೆ ಏನನಿಸಿತೋ, ಎದ್ದು ಹೋಗಿ ಅಣ್ಣನ ಎದುರಿಗೇ ನಿಂತ. ಅವನ ಜೊತೆ ನೇರ ಮಾತಾಡಿದ್ದು ಅದೇ ಮೊದಲು.

"ಅಲ್ಲಲೇ, ಆಶ್ರಮ ಬ್ಯಾಡ, ತಂಗೀನೂ ಬ್ಯಾಡ. ಮತ್ತ ಯಾರ ಬರಬೇಕು, ರಾಜನ ಮನ್ಯಾಗಿನ ಆಳ?"

ಅಣ್ಣನ ಕೈ ಎದ್ದಿತು. ಮಣಿಕಟ್ಟು ಒಂದು ಸಲ ತಿರುಗಿತು. ನಿಂತಿತು. ಮತ್ತೆ ತಿರುಗಿತು.

ನಾನು ಬಾಯಿ ತೆರೆಯುವ ಮೊದಲೇ ಮಾಮಾ ಹೇಳಿದ. "ಜಾಬರ್ನ ಕರಿ ಅಂತಾನ."

ಇಲ್ಲಿ ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ, ಶೆಡ್ಡಿನಲ್ಲಿದ್ದಾಗ ಕಲಿತದ್ದು. ಅವನ ಬಲಗೈಯ ಎರಡು ಬೆರಳು ಹಣೆಗೆ ಹೋಗಿ ಅಲ್ಲೇ ನಿಂತಿದ್ದವು. ಇಳಿಸಿ ನೋಡಿಕೊಂಡ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊದ ಕೆಳಗೆ ಅವ್ವನ ಫೋಟೊ ಇದೆ, ಅದನ್ನು ನೋಡಿದ. ಹೋಗಿ ಕೂತ.

"ಜಾಬರ್ ಈಗ ಯಾರದಾರ?" ಎಂದು ಕೇಳಿದ.

ರೂಪೇಶನನ್ನು ಕರೆತಂದೆ. ಬನಿಯನ್ನಿನ ಮೇಲೆಯೇ ಬಂದ. ದುಂಡೇಶಣ್ಣ ವಿಷಯ ಹೇಳಿದ. ರೂಪೇಶ ಅದನ್ನು ಕೇಳಿಸಿಕೊಂಡು ನಮ್ಮಲ್ಲಿ ಯಾರನ್ನೂ ನೋಡದೆ ಅಣ್ಣನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಮಗ್ಗ ಹತ್ತೂಕಿಂತ ಮೊದಲ ಬರ್ತೇನಿ. ಕೈ ಗ್ರೀಸ್ ನಾರತಾವ, ಆಮ್ಯಾಲ ತಕರಾರ ಮಾಡಬಾರದು. ಇನ್ನೊಂದ, ಬಿಟ್ಟಿ ಬರೂದಿಲ್ಲ. ಪಗಾರ ನೀನ ಕೊಡಬೇಕು, ಮಾಲಕ."

ಅಣ್ಣ ನಕ್ಕ. ಆ ಸದ್ದು ಓಣಿಗೆಲ್ಲ ಕೇಳಿಸಿರಬೇಕು. ಬಿಟ್ಟಿ ಬೇಡ ಎಂದದ್ದೇ ಸರಿ ಎಂದ ದುಂಡೇಶಣ್ಣ. ಬಿಟ್ಟಿ ಬಂದವನಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ನೋಡಿಕೊಳ್ಳುವವರಿಗೆಂದು ಸರ್ಕಾರ ಕೊಡುವ ದುಡ್ಡಿಗೆ ತಾನು ಓಡಾಡುತ್ತೇನೆ, ಅದು ಬರುವ ತನಕ ಮನೆಯಿಂದ ನಡೆಯಲಿ ಎಂದ. ಗಾಡಿಗೆ ಹೇಳಿದ ದುಡ್ಡು ಅದಕ್ಕೆ ಆಗಲಿ ಎಂದ ಮಾಮಾ. ಆಮೇಲೆ ನನ್ನನ್ನು ಕೇಳಿದರು. ಜಳಕ ಬಿಟ್ಟರೆ ಉಳಿದದ್ದು ನನಗೆ ಆಗುತ್ತದೆ ಎಂದೆ. ಎಷ್ಟು ದಿನ ಆಗುತ್ತದೆಂದು ಗೊತ್ತಿಲ್ಲ ಎಂದೂ ಹೇಳಿದೆ. ಆಗದ ದಿನ ಹೇಳು, ಮತ್ತೆ ಕೂಡೋಣ ಎಂದ ದುಂಡೇಶಣ್ಣ.

ಅಣ್ಣ ಹೆಬ್ಬೆರಳು ಬಾಯಿಗೆ ಒಯ್ದು ಎಲ್ಲರ ಕಡೆ ನೋಡಿದ. ಚಹಾ ಮಾಡಿದೆ. ಮಾಮಾ ಹೋಗುವಾಗ ಟವೆಲ್ಲನ್ನೂ ಅಂಗಿಗಳನ್ನೂ ಮಂಚದ ಮೇಲೆಯೇ ಬಿಟ್ಟ.

4 ಅಕ್ಟೋಬರ್, ಶನಿವಾರ

ಗಾಡಿ ಬರಬೇಕಾಗಿದ್ದ ದಿನ. ಬರಲಿಲ್ಲ. ಮಾಮಾ ಫೋನ್ ಮಾಡಿದ್ದ. ಅಣ್ಣನಿಗೆ ಕೊಡು ಎಂದ. ಕಿವಿಗೆ ಹಿಡಿದೆ. ಏನು ಹೇಳಿದನೋ ಗೊತ್ತಿಲ್ಲ, ಫೋನಿನಲ್ಲಿ ಕಾಣುವುದಿಲ್ಲವೆಂದು ಗೊತ್ತಿದ್ದರೂ ಅಣ್ಣ ಎರಡು ಬೆರಳು ಎತ್ತಿದ.

6 ಅಕ್ಟೋಬರ್, ಸೋಮವಾರ

ಇವತ್ತು ಮೊದಲ ದಿನ, ರೂಪೇಶ ಹೇಳಿದ ಹೊತ್ತಿಗೆ ಬಂದ. ನಾನು ನೀರು ಕಾಯಿಸಿ ಬಚ್ಚಲಿಗೆ ತಂದಿಟ್ಟೆ, ಅಣ್ಣನ ಕೈ ಅದ್ದಿಸಿದೆ, ಸಾಬೂನು ಎಲ್ಲಿದೆ, ಬಲಗಾಲನ್ನು ಹೇಗೆ ಎತ್ತಬೇಕು, ಕುತ್ತಿಗೆಯ ಹಿಂದೆ ಹೇಗೆ ಹಿಡಿಯಬೇಕು ಎಂದು ಹೇಳುತ್ತ ನಿಂತೆ. ಅಣ್ಣನ ಕೈ ಎದ್ದಿತು. ಅಂಗೈ ಬಿಚ್ಚಿತು, ಮುಷ್ಟಿಯಾಯಿತು. ನನ್ನ ಕಡೆಗೆ.

ನಿಲ್ಲಿಸಿದೆ. ಹೊಸ ಟವೆಲ್ಲನ್ನು ಮೊಳೆಗೆ ಹಾಕಿ ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಓಣಿಯಲ್ಲಿ ನಿಂತೆ. ಕೈಯಲ್ಲಿ ಏನೂ ಇರಲಿಲ್ಲ. ಮಗ್ಗಗಳು ಇನ್ನೂ ಶುರುವಾಗಿರಲಿಲ್ಲ, ಆ ಹೊತ್ತಿಗೆ ಊರು ಇಷ್ಟು ಸುಮ್ಮನಿರುತ್ತದೆಂದು ನೋಡಿರಲಿಲ್ಲ. ಒಳಗೆ ನೀರು ಸುರಿಯುವ ಸದ್ದು. ಸಾಬೂನು ಜಾರಿ ಬಿದ್ದು ರೂಪೇಶ ಅದಕ್ಕೆ ಬೈಯುವ ಸದ್ದು. ಅಣ್ಣ ಉತ್ತರ ಕೊಟ್ಟ. ಏನೆಂದು ನನಗೆ ತಿಳಿಯಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ. ಇದನ್ನು ಅವ್ವ ಕೇಳಬೇಕಾಗಿತ್ತು ಎನಿಸಿತು.

ಕಣ್ಣಿಗೆ ಒಲೆಯ ಹೊಗೆ ಹತ್ತಿತು ಎಂದು ಬರೆಯಲು ಹೊರಟಿದ್ದೆ. ಒಲೆ ಹಚ್ಚಿರಲಿಲ್ಲ. ನೀರು ಗ್ಯಾಸಿನ ಮೇಲೆ ಕಾಯಿಸಿದ್ದೆ.

ಪಕ್ಕದ ಮನೆಯ ಅಜ್ಜಿ ಅಂಗಳಕ್ಕೆ ನೀರು ಹೊಡೆಯಲು ಬಂದವಳು ನನ್ನನ್ನು ನೋಡಿ ಕೊಡ ಕೆಳಗಿಟ್ಟಳು. ಏನಾಯಿತವಾ, ಹೊರಗ ಯಾಕ ನಿಂತಿ ಎಂದಳು.

"ಏನಿಲ್ಲ ಬೇ. ಅಣ್ಣ ಜಳಕಾ ಮಾಡಾಕತ್ತಾನ."